ಹೊಗೆ ಹಿಡಿದ ಕಾಗದ

ಮೈಸೂರಿಗೆ ಮರಳಿ ಮೂರು ವಾರ ಕಳೆದ ಮೇಲೆ, ಪಾಠಕ್ಕೆ ಬೇಕೆಂದು ಬರ್ನಾರ್ಡ್ ಬೇಲಿನ್ ಅವರ ಪುಸ್ತಕ ಬಿಡಿಸಿದೆ. ಹಾಳೆಗಳ ನಡುವಿನಿಂದ ಅಡುಗೆಮನೆಯ ವಾಸನೆ ಬಂತು. ಸೌದೆ ಒಲೆಯ ಹೊಗೆ, ತೆಂಗಿನ ಸಿಪ್ಪೆ ಸುಟ್ಟ ಘಾಟು. ಎರಡು ಪುಟಗಳ ಮಧ್ಯೆ ನಾಲ್ಕಾಗಿ ಮಡಿಚಿದ ಹಳದಿ ಕಾಗದ. ಅದರ ಪಿನ್ನಿನ ತುಕ್ಕು ಪುಸ್ತಕಕ್ಕೂ ಇಳಿದು ಅಕ್ಕಿಕಾಳಿನಷ್ಟು ಕಂದು ಕಲೆ ಮಾಡಿತ್ತು. ಉಪ್ಪಳದಿಂದ ನಾನು ತಂದದ್ದು ಇದಿಷ್ಟೇ. ತರಬಹುದಾಗಿದ್ದದ್ದು ಒಂದು ಪೆಟ್ಟಿಗೆ.

ಶುರುವಾದದ್ದು ಒಂದು ಅಂಚೆ ಕಾರ್ಡಿನಿಂದ. ನಾನು ಇತಿಹಾಸದ ಮೇಷ್ಟ್ರು. ಅಮೆರಿಕದ ಆರಂಭಕಾಲದ ರಾಜಕೀಯ ಕರಪತ್ರಗಳ ಬಗ್ಗೆ ಒಂದು ಪತ್ರಿಕೆಗೆ ಲೇಖನ ಬರೆದಿದ್ದೆ. 1750ರಿಂದ 1776ರ ನಡುವೆ, ಬ್ರಿಟನ್ನಿನ ಜೊತೆಗಿನ ಜಗಳದ ಕುರಿತು ಆ ವಸಾಹತುಗಳಲ್ಲಿ 400ಕ್ಕೂ ಹೆಚ್ಚು ಕಿರುಹೊತ್ತಿಗೆಗಳು ಅಚ್ಚಾಗಿದ್ದವು. ರಟ್ಟಿಲ್ಲ, ಬೈಂಡಿಲ್ಲ. ಅಚ್ಚಾದ ಹಾಳೆ ಮಡಿಚಿ, ಒಂದೆರಡು ಹೊಲಿಗೆ ಹಾಕಿ, ಜನರ ಕೈಗೆ. ವಕೀಲರು, ಪಾದ್ರಿಗಳು, ವ್ಯಾಪಾರಿಗಳು ಬಿಡುವಿನಲ್ಲಿ ಕೂತು ಗೀಚಿದ ವಾದಗಳು. ಬೇಲಿನ್ ಅವುಗಳನ್ನೇ ಹಿಡಿದು ಕೂತು, ಕ್ರಾಂತಿಯ ಬೇರು ಈ ಹೊಲಿದ ಹಾಳೆಗಳಲ್ಲಿದೆ ಎಂದು 1967ರಲ್ಲಿ ತೋರಿಸಿಕೊಟ್ಟರು. ನನ್ನ ಲೇಖನದಲ್ಲಿ ಹೊಸದೇನೂ ಇರಲಿಲ್ಲ. ಆದರೂ ಹದಿನೈದು ದಿನಕ್ಕೆ ಕಾರ್ಡು ಬಂತು, ಗುಂಡಗಿನ ಅಕ್ಷರದಲ್ಲಿ: ‘ಅಮೆರಿಕದ್ದು ಓದಿದೆ. ಇಂಥದ್ದು ನಮ್ಮಲ್ಲೂ ಉಂಟು. ಗೆದ್ದವರದ್ದಲ್ಲ, ಸೋತವರದ್ದು. ಬಂದರೆ ತೋರಿಸಬಹುದು.’ ಕೆಳಗೆ ಹೆಸರು, ನಿವೃತ್ತ ಅಧ್ಯಾಪಕ, ಉಪ್ಪಳ.

ಆಷಾಢದ ಮಳೆಯಲ್ಲಿ ಹೊರಟೆ. ರಾತ್ರಿ ಬಸ್ಸು ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ನನಗೆ ನಿದ್ದೆ. ಆ ನಿದ್ದೆಯಲ್ಲಿ ಏನನ್ನು ನೋಡದೆ ಹೋದೆ ಎಂಬುದು ತಿಳಿದದ್ದು ವಾಪಸು ಬರುವಾಗ. ಬೆಳಿಗ್ಗೆ ಮಂಗಳೂರಿನಲ್ಲಿ ಕಣ್ಣೂರಿನ ಕಡೆಗೆ ಹೋಗುವ ಪ್ಯಾಸೆಂಜರ್ ಹಿಡಿದೆ. ನೇತ್ರಾವತಿ ಸೇತುವೆ, ಉಳ್ಳಾಲ, ಆಮೇಲೆ ತೆಂಗು, ತೆಂಗು, ಮತ್ತೆ ತೆಂಗು. ಗಡಿ ಎಲ್ಲಿ ದಾಟಿತೆಂದು ರೈಲಿನಲ್ಲಿ ಗೊತ್ತಾಗುವುದಿಲ್ಲ. ಎದುರು ಕೂತಿದ್ದ ಮೀನಿನ ಬುಟ್ಟಿಯ ಹೆಂಗಸು ತುಳುವಿನಲ್ಲೇ ಶುರು ಮಾಡಿ ತುಳುವಿನಲ್ಲೇ ಮುಗಿಸಿದಳು. ಮಂಜೇಶ್ವರದಲ್ಲಿ ಹತ್ತಿದ ಹುಡುಗರದ್ದು ಬ್ಯಾರಿ ಮಾತು. ನಿಲ್ದಾಣದ ಹಲಗೆಯಲ್ಲಿ ಮಲಯಾಳ ಕಂಡಾಗಲೇ, ಹೌದು, ಬೇರೆ ರಾಜ್ಯ.

ಉಪ್ಪಳ ಪೇಟೆಯನ್ನು ಹೆದ್ದಾರಿ ಅಗಲೀಕರಣ ಎರಡು ಹೋಳು ಮಾಡಿದೆ. ಆಚೆ ಬದಿಯ ಅಂಗಡಿಯವನನ್ನು ಮಾತಾಡಿಸಬೇಕಾದರೆ ಅರ್ಧ ಊರು ಸುತ್ತಬೇಕು. ಮಂಜೇಶ್ವರ ತಾಲೂಕಿನ ಕಚೇರಿ ಇರುವುದು ಇಲ್ಲೇ. ಬೋರ್ಡುಗಳಲ್ಲಿ ಮಲಯಾಳ, ಕನ್ನಡ, ಇಂಗ್ಲಿಷ್. ಬೀದಿಯಲ್ಲಿ ಇನ್ನೂ ಹೆಚ್ಚು: ತುಳು, ಬ್ಯಾರಿ, ಕೊಂಕಣಿ, ಮರಾಠಿ. ಸಣ್ಣ ಹೋಟೆಲೊಂದರಲ್ಲಿ ಪಕ್ಕದ ಮೇಜಿನ ಇಬ್ಬರು ಹಿರಿಯರು ಉರ್ದು ಮಾತಾಡುತ್ತಿದ್ದರು, ಅದೂ ನಮ್ಮ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಕೇಳುವಂಥ ಉರ್ದು. ಉಪ್ಪಳದ ಹನಫಿ ಮುಸ್ಲಿಮರ ಮನೆಮಾತು ಅದು ಎಂದು ಆಮೇಲೆ ತಿಳಿಯಿತು. ಕಲ್ತಪ್ಪ ಎಂಬ ತಿಂಡಿ ತಿಂದೆ. ಅಕ್ಕಿ, ಬೆಲ್ಲ, ಮೇಲೆ ಹುರಿದ ಈರುಳ್ಳಿ. ಸಿಹಿಗೂ ಈರುಳ್ಳಿಗೂ ಎಂಥ ನಂಟು ಎಂದು ಅನುಮಾನದಿಂದಲೇ ಬಾಯಿಗಿಟ್ಟು, ಎರಡನೆಯದನ್ನೂ ಹೇಳಿದೆ. ಜೊತೆಗೆ ಸುಲೈಮಾನಿ ಚಹಾ. ರಿಕ್ಷಾದವನು ‘ಓಡೆಗ್?’ ಎಂದ, ನಾನು ತಡವರಿಸಿದ ಕೂಡಲೇ ‘ಎಲ್ಲಿಗೆ ಸರ್’ ಎಂದ, ಅಷ್ಟರಲ್ಲಿ ಬಂದ ಫೋನಿಗೆ ಮಲಯಾಳದಲ್ಲಿ ಉತ್ತರ ಕೊಟ್ಟ. ಮೈಸೂರಿನಲ್ಲಿ ನಾವು ಎರಡನೆಯ ಭಾಷೆ ಬಂದರೆ ಬಯೋಡಾಟಾದಲ್ಲಿ ಬರೆಯುತ್ತೇವೆ.

ಕೈಕಂಬದಿಂದ ಬಾಯಾರಿನ ಕಡೆಗೆ ತಿರುಗಿದ ರಸ್ತೆಯಲ್ಲಿ ಸ್ವಲ್ಪ ಹೋಗಿ, ಒಳದಾರಿ. ಮುರಕಲ್ಲಿನ ಗೋಡೆಗಳ ಮೇಲೆ ಹಾವಸೆ. ಅಂಗಳದಲ್ಲಿ ಅಡಿಕೆ ಸೋಗೆಯ ತಟ್ಟಿ. ಜಗಲಿಯಲ್ಲಿ ನಿಂತಿದ್ದ ಮಾಸ್ಟ್ರು (ನಮ್ಮಲ್ಲಿ ಮೇಷ್ಟ್ರು, ಅಲ್ಲಿ ಮಾಸ್ಟ್ರು) ಎಂಬತ್ತು ದಾಟಿದವರು, ಬೈರಾಸು ಹೆಗಲಿಗೆ. ‘ಬನ್ನಿ ಬನ್ನಿ, ಮಳೆ ನಿಮ್ಮನ್ನು ಬಿಟ್ಟದ್ದೇ ಹೆಚ್ಚು’ ಎಂದರು. ಅವರ ಮನೆಯವರು ಆಸರಿಂಗೆ ಎಂದು ಬೆಲ್ಲ, ನೀರು ತಂದಿಟ್ಟರು. ನಾನು ಅವರನ್ನು ಅಕ್ಕ ಎಂದೇ ಕರೆದೆ, ಕೊನೆಯವರೆಗೂ.

ಪೆಟ್ಟಿಗೆ ನೋಡಲು ಅಡುಗೆಮನೆಗೆ ಹೋಗಬೇಕಾಯಿತು. ಒಲೆಯ ನೇರಕ್ಕೆ ಅಟ್ಟ. ಅಲ್ಲಿಂದ ಮಾಸ್ಟ್ರು ಒಂದು ತಗಡಿನ ಪೆಟ್ಟಿಗೆಯನ್ನು, ನಾನು ಕೆಳಗಿನಿಂದ ಆಸರೆ ಕೊಟ್ಟಂತೆ, ಜಾರಿಸಿ ಇಳಿಸಿದರು. ಹೊರಮೈ ಕಪ್ಪು, ಕಾಡಿಗೆಯ ಹಾಗೆ. ‘ಈ ಊರಿನ ಮಳೆಗಾಲಕ್ಕೆ ಕಪಾಟು ಆಗುದಿಲ್ಲ. ತಾಳೆಗರಿ ಉಳಿದದ್ದು ಹೇಗೆ? ಹೊಗೆಯಲ್ಲಿ. ಹೊಗೆ ಇದ್ದಲ್ಲಿಗೆ ಹುಳ ಬರುದಿಲ್ಲ, ಥಂಡಿ ಹಿಡಿಯುದಿಲ್ಲ’ ಎಂದರು. ಮುಚ್ಚಳ ತೆಗೆದಾಗ ಬಂದದ್ದು ಈಗ ನನ್ನ ಪುಸ್ತಕದಲ್ಲಿರುವ ವಾಸನೆ.

ಅವರು ಅದನ್ನು ಕರಪತ್ರ ಎನ್ನುತ್ತಿರಲಿಲ್ಲ. ನೋಟೀಸು ಎನ್ನುತ್ತಿದ್ದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಚಳವಳಿಯ ನೋಟೀಸುಗಳು, ಸಭೆಯ ಕರೆಗಳು, ಆಯೋಗಗಳಿಗೆ ಕೊಟ್ಟ ಮನವಿಗಳ ಪ್ರತಿಗಳು, ಹತ್ತು ಹನ್ನೆರಡು ಪುಟದ ಕಿರುಹೊತ್ತಿಗೆಗಳು. ಕೆಲವು ಗುಲಾಬಿ ಕಾಗದದಲ್ಲಿ, ಕೆಲವು ಯಕ್ಷಗಾನದ ನೋಟೀಸಿಗೆ ಬಳಸುವ ಹಸಿರಿನಲ್ಲಿ. ಒಂದರ ಬೆನ್ನಿಗೆ ಯಾರೋ ಮಗು ಮಗ್ಗಿ ಬರೆದಿದೆ, ಹದಿಮೂರರದ್ದು, ಏಳಕ್ಕೆ ನಿಂತಿದೆ.

ನೋಟೀಸು ಕೈಗೆ ಬಂದರೆ ಮೊದಲು ಅಡಿಯ ಗೆರೆ ಓದಬೇಕು ಎಂದು ಕಲಿಸಿದವರು ಅವರು. ಅಚ್ಚು ಹಾಕಿದವನ ಹೆಸರು ಮತ್ತು ಊರು ಇರಲೇಬೇಕು ಎಂದು 1867ರ ಕಾಯ್ದೆ ಹೇಳುತ್ತಿತ್ತು. ಬರೆದವನ ಹೆಸರು ಇಲ್ಲದ ನೋಟೀಸು ನೂರು ಸಿಗುತ್ತದೆ, ಪ್ರೆಸ್ಸಿನ ಹೆಸರು ಇಲ್ಲದ್ದು ಸಿಕ್ಕರೆ ಅಲ್ಲೊಂದು ಹೆದರಿಕೆ ಇತ್ತು ಎಂದು ಅರ್ಥ. ನನಗೆ ಫಿಲಡೆಲ್ಫಿಯಾದ ರಾಬರ್ಟ್ ಬೆಲ್ ನೆನಪಾದ. 1776ರ ಜನವರಿ 10ರಂದು ‘ಕಾಮನ್ ಸೆನ್ಸ್’ ಹೊರಬಂದಾಗ ಅದರಲ್ಲಿ ಥಾಮಸ್ ಪೇನ್ ಹೆಸರಿರಲಿಲ್ಲ, ಮುದ್ರಕ ಬೆಲ್‌ನ ಹೆಸರಿತ್ತು. ಲಾಭದ ಲೆಕ್ಕಕ್ಕೆ ಇಬ್ಬರೂ ಜಗಳಾಡಿದ್ದು ಬೇರೆ ಮಾತು. ಆ ಬೆಲ್ ಎರಡೇ ತಿಂಗಳಲ್ಲಿ ಪೇನ್‌ನ ವಿರುದ್ಧ ಬರೆದ ‘ಪ್ಲೇನ್ ಟ್ರೂತ್’ ಅನ್ನೂ ಅಚ್ಚು ಹಾಕಿದ. ಇದನ್ನು ಹೇಳಿದೆ. ಮಾಸ್ಟ್ರು ಸುಮ್ಮನೆ ಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ಒಂದು ಕಟ್ಟು ಮೇಲಕ್ಕೆ ತಂದರು. ಎಲ್ಲ ಮಲಯಾಳದ್ದು. ಕಾಸರಗೋಡು ಕೇರಳದಲ್ಲೇ ಇರಬೇಕು ಎನ್ನುವವು.

‘ಇದನ್ನೂ ಇಟ್ಟಿದ್ದೀರಾ?’

‘ಎರಡೂ ಇಲ್ಲದಿದ್ರೆ ಒಂದೂ ಅರ್ಥ ಆಗುದಿಲ್ಲ ಮಾರಾಯ್ರೆ. ಜಗಳದಲ್ಲಿ ಒಬ್ಬನ ಮಾತು ಮಾತ್ರ ಕೇಳಿದ್ರೆ ಅವ ಹುಚ್ಚನ ಹಾಗೆ ಕಾಣ್ತಾನೆ.’

ಜಗಳದ ಚರಿತ್ರೆ ಅವರ ಬಾಯಲ್ಲಿ ಹರಿಯಿತು. ಕಾಸರಗೋಡು ತಾಲೂಕು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಇಡೀ ತಾಲೂಕು ಕೇರಳಕ್ಕೆ ಎಂದಿತು. ಪಣಿಕ್ಕರ್ ಮಲಯಾಳಿ ಎಂಬ ಅಸಮಾಧಾನ ಕನ್ನಡದವರಲ್ಲಿ ಇವತ್ತಿಗೂ ಇದೆ. 1956ರ ನವೆಂಬರ್ 1ಕ್ಕೆ, ಅತ್ತ ನಮ್ಮ ಹಿರಿಯರು ಮೈಸೂರಿನಲ್ಲಿ ಹಬ್ಬ ಮಾಡುತ್ತಿದ್ದ ಹೊತ್ತಿಗೆ, ಇಲ್ಲಿ ತಾಲೂಕು ದಕ್ಷಿಣ ಕನ್ನಡದಿಂದ ಕಳಚಿತು. ಪೆರಡಾಲದ ಅಧ್ಯಾಪಕ, ಕವಿ ಕಯ್ಯಾರ ಕಿಞ್ಞಣ್ಣ ರೈ ಆ ನೋವನ್ನು ಪದ್ಯ ಮಾಡಿ ಊರೂರು ತಿರುಗಿದರು. 2015ರಲ್ಲಿ ನೂರು ತುಂಬಿ ಎರಡು ತಿಂಗಳಿಗೆ ತೀರಿಕೊಳ್ಳುವವರೆಗೂ ಅವರು ಆ ಮಾತು ಬಿಡಲಿಲ್ಲ.

‘1957ರ ಎಲೆಕ್ಷನ್‌ನ ನೋಟೀಸು ಕೇಳಬೇಡಿ, ನನ್ನಲ್ಲಿ ಒಂದೂ ಇಲ್ಲ’ ಎಂದರು ಮಾಸ್ಟ್ರು. ಕೇರಳ ವಿಧಾನಸಭೆಯ ಆ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ನಿಂತು ಅವಿರೋಧವಾಗಿ ಆಯ್ಕೆಯಾದರು. ‘ಎದುರಾಳಿಯೇ ಇಲ್ಲದ ಮೇಲೆ ನೋಟೀಸು ಯಾರಿಗೆ?’ ಅವರ ದೃಷ್ಟಿಯಲ್ಲಿ ಅದೊಂದು ನಷ್ಟ. ಜನ ಒಂದಾಗಿದ್ದ ವರ್ಷಕ್ಕೆ ಪೆಟ್ಟಿಗೆಯಲ್ಲಿ ಕಾಗದವಿಲ್ಲ.

ಪೆಟ್ಟಿಗೆಯ ದೊಡ್ಡ ಕಟ್ಟು 1966 ಮತ್ತು 67ರದ್ದು. 1966ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. ಮರುವರ್ಷ ಆಗಸ್ಟಿನಲ್ಲಿ ವರದಿ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಹೋಗಬೇಕು ಎಂದು ಮಹಾಜನ್ ಬರೆದರು. ತಾಲೂಕು ಎಂಬ ಕಾಗದದ ಗೆರೆ ಬಿಟ್ಟು, ತುಳುನಾಡಿಗೂ ಮಲಯಾಳಕ್ಕೂ ನಡುವೆ ಮೊದಲಿಂದ ಹರಿಯುತ್ತಿದ್ದ ನೀರಿನ ಗೆರೆ ಹಿಡಿದರು. ಕೇರಳ ಒಪ್ಪಲಿಲ್ಲ. ಬೆಳಗಾವಿಯ ಭಾಗಕ್ಕೆ ಮಹಾರಾಷ್ಟ್ರವೂ ಒಪ್ಪಲಿಲ್ಲ. ಉಪ್ಪಳ ಇರುವುದು ಆ ಹೊಳೆಯ ಉತ್ತರಕ್ಕೆ. ಅಂದರೆ ವರದಿಯ ಪ್ರಕಾರ ನಾವು ಕೂತಿದ್ದ ಜಗಲಿ ಕರ್ನಾಟಕ.

ಮಹಾಜನ್ ವರದಿಯೂ ಬೇಲಿನ್ ಪುಸ್ತಕವೂ ಒಂದೇ ವರ್ಷದವು ಎಂದು ಹೊಳೆದದ್ದು ಆಗ. ಮಾಸ್ಟ್ರು ನಕ್ಕರು. ‘ಅವರದ್ದಕ್ಕೆ ಬಹುಮಾನ ಬಂದಿರಬೇಕು.’ ಬಂದಿದೆ ಎಂದೆ, ಪುಲಿಟ್ಜರ್, 1968ರಲ್ಲಿ. ‘ಗೆದ್ದವರ ಕಾಗದಕ್ಕೆ ಬಹುಮಾನ, ಸೋತವರದ್ದಕ್ಕೆ ಗೆದ್ದಲು’ ಎಂದು ತಮ್ಮ ಮಾತಿಗೆ ತಾವೇ ಖುಷಿಪಟ್ಟರು. ಹಾಗೇನಿಲ್ಲ, ಅದೇ ಬೇಲಿನ್ ಆಮೇಲೆ 1974ರಲ್ಲಿ ಥಾಮಸ್ ಹಚಿನ್ಸನ್ ಎಂಬ ಸೋತ ಗವರ್ನರನ ಬಗ್ಗೆಯೂ ಪುಸ್ತಕ ಬರೆದಿದ್ದಾರೆ, ಅವನ ಕಡೆಯಿಂದ ನೋಡದೆ ಕಥೆ ಪೂರ್ತಿಯಾಗುವುದಿಲ್ಲ ಎಂದೇ ಬರೆದದ್ದು ಎಂದೆ. ಮಾಸ್ಟ್ರು ಅದನ್ನು ಕಿವಿಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ. ಅವರ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಕಾದಿತ್ತು.

‘ಬೆಳಗಾವಿಯ ಗಲಾಟೆ ಬಂದಾಗೆಲ್ಲ ನೀವು ಮಹಾಜನ್ ವರದಿಯೇ ಅಂತಿಮ ಅಂತ ಹೇಳ್ತೀರಲ್ಲ. ಹೇಳುವಾಗ ನಮ್ಮ ನೆನಪು ಬರುದುಂಟಾ?’

ಆ ‘ನೀವು’ ನಾನೊಬ್ಬನಲ್ಲ ಎಂದು ಗೊತ್ತಿತ್ತು. ಆದರೂ ಉತ್ತರಿಸಬೇಕಾದವನು ಎದುರಿಗಿದ್ದವನು. ವರದಿಯಲ್ಲಿ ಕಾಸರಗೋಡಿನ ಮಾತಿದೆ ಎಂದು ನನಗೆ ತಿಳಿದಿತ್ತು, ಪರೀಕ್ಷೆಗೆ ಓದಿದ್ದೆ. ಘೋಷಣೆ ಕೂಗುವವರ ಜೊತೆ ಒಮ್ಮೆ ನಿಂತದ್ದೂ ಇದೆ. ನೆನಪು ಬಂದಿರಲಿಲ್ಲ. ಅಕ್ಕ ಊಟಕ್ಕೆ ಕರೆದು ನನ್ನನ್ನು ಉಳಿಸಿದರು. ಕೆಸುವಿನೆಲೆಯ ಪತ್ರೊಡೆ, ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಮಾವಿನಮಿಡಿ. ಹೊರಗೆ ಮಳೆ ಹಂಚಿನ ಮೇಲೆ ಯಾರೋ ಜಲ್ಲಿ ಸುರಿದ ಹಾಗೆ. ತಂಬುಳಿಯನ್ನು ಎರಡನೆಯ ಸಲ ಕೈಗೆ ಹಾಕಿಸಿಕೊಂಡು ಕುಡಿದೆ. ನಮ್ಮ ಕಡೆ ಸಾರಿಲ್ಲದೆ ಊಟ ಇಳಿಯುವುದಿಲ್ಲ ಎಂದುಕೊಂಡವನು ಅಂದು ಸಾರು ಕೇಳಲಿಲ್ಲ.

ಮಧ್ಯಾಹ್ನವೆಲ್ಲ ಒಂದೊಂದೇ ಕಾಗದ ಬಿಡಿಸಿದೆವು. ಸಭೆಯ ಕರೆಗಳಲ್ಲಿ ಒಂದು ವಿಚಿತ್ರ ಕಂಡಿತು. ಹೆಚ್ಚಿನವುಗಳಲ್ಲಿ ವರ್ಷವೇ ಇಲ್ಲ. ವಾರ, ತಿಂಗಳು, ತಾರೀಖು, ಗಂಟೆ ಎಲ್ಲ ಇದೆ. ವರ್ಷ ಹಾಕುವ ಅಗತ್ಯ ಅಚ್ಚು ಹಾಕಿಸಿದವರಿಗೆ ಕಂಡಿಲ್ಲ. ಈ ವರ್ಷವೇ ಇದು ತೀರ್ಮಾನವಾಗುತ್ತದೆ ಎಂದು ಪ್ರತಿ ಸಲವೂ ನಂಬಿದ್ದರು. ಮೂಲೆಯಲ್ಲಿ ಪೆನ್ಸಿಲಿನಿಂದ ವರ್ಷ ಬರೆದದ್ದು ಮಾಸ್ಟ್ರು, ಎಲ್ಲಿ ಯಾರ ಕೈಯಿಂದ ಬಂತೆಂಬುದನ್ನೂ ಸೇರಿಸಿ. ಲಂಡನ್ನಿನಲ್ಲಿ ಜಾರ್ಜ್ ಥಾಮಸನ್ ಎಂಬ ಪುಸ್ತಕದಂಗಡಿಯವನು ಹೀಗೆಯೇ ಮಾಡಿದ್ದ. 1640ರಿಂದ 1661ರವರೆಗೆ, ರಾಜನಿಗೂ ಸಂಸತ್ತಿಗೂ ಯುದ್ಧ ನಡೆದು ರಾಜನ ತಲೆಯೇ ಉರುಳಿದ ಕಾಲದಲ್ಲಿ, ಕೈಗೆ ಸಿಕ್ಕ ಕರಪತ್ರವನ್ನೆಲ್ಲ ಕೂಡಿಟ್ಟು, ಸಿಕ್ಕಿದ ದಿನವನ್ನು ಮುಖಪುಟದಲ್ಲಿ ತಾನೇ ಬರೆದ. ಸುಮಾರು 22,000. ಸೈನಿಕರ ಕಣ್ಣಿಗೆ ಬೀಳಬಾರದೆಂದು ಊರಿಂದೂರಿಗೆ ಸಾಗಿಸಿದ. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮಾಸ್ಟ್ರದ್ದು ನಾನೂರೋ ಐನೂರೋ ಇರಬಹುದು. ಒಂದು ಊರಿನ ಜಗಳಕ್ಕೆ ಅದು ಕಮ್ಮಿಯಲ್ಲ.

ಸಂಜೆ ಮಳೆ ಬಿಟ್ಟಿತು. ಮುಸೋಡಿಯ ಕಡಲಿಗೆ ಕರೆದುಕೊಂಡು ಹೋದರು. ಆಷಾಢದ ಕಡಲು, ಮಣ್ಣಿನ ಬಣ್ಣ, ದೋಣಿಗಳೆಲ್ಲ ಮೇಲೆ ಎಳೆದಿಟ್ಟು ಮಡಲು ಹೊದಿಸಿದ್ದಾರೆ. ದಡ ಕೊರೆದು ಹೋಗದಂತೆ ಹಾಕಿದ ಕಲ್ಲುಗಳ ಮೇಲೆ ಹುಡುಗರು ಗಾಳ ಹಿಡಿದು ಕೂತಿದ್ದರು. ಮಾಸ್ಟ್ರ ಮೊಮ್ಮಗ ಮಲಯಾಳ ಕಲಿತು ಕೇರಳ ಸರಕಾರದ ಕೆಲಸದ ಪರೀಕ್ಷೆಗೆ ಕಟ್ಟಿದ್ದಾನಂತೆ. ‘ಒಳ್ಳೆಯದೇ. ಊಟ ಎಲ್ಲಿಯದ್ದೋ ಮಾತು ಅಲ್ಲಿಯದ್ದು’ ಎಂದರು. ಸಿಟ್ಟು ಇರಲಿಲ್ಲ. ಇದ್ದರೆ ನನಗೆ ಸುಲಭವಾಗುತ್ತಿತ್ತು.

ರಾತ್ರಿ ಗಂಜಿ ಉಂಡು ಜಗಲಿಯಲ್ಲಿ ಕೂತಾಗ ಕೇಳಿಯೇ ಬಿಟ್ಟರು. ‘ಪೆಟ್ಟಿಗೆ ಕೊಂಡುಹೋಗ್ತೀರಾ? ಮೈಸೂರಿನಲ್ಲಿ ಯೂನಿವರ್ಸಿಟಿ ಉಂಟು, ಲೈಬ್ರರಿ ಉಂಟು. ನಾನು ಇನ್ನೆಷ್ಟು ಮಳೆಗಾಲ? ಮಕ್ಕಳು ದೂರ. ಊರು ಅಂತೂ ಅತ್ಲಾಗಿ ಹೋಗಲಿಲ್ಲ, ಕಾಗದವಾದ್ರೂ ಹೋಗಲಿ.’

ಇದಕ್ಕಾಗಿಯೇ ಕಾರ್ಡು ಬರೆದದ್ದು ಎಂದು ಹೊಳೆಯಿತು. ಸ್ಕ್ಯಾನ್ ಮಾಡಿಸಬಹುದು, ಮೂಲ ಇಲ್ಲೇ ಇರಲಿ ಎಂದು ನಾನು ಓದಿದವರ ಮಾತು ಆಡಿದೆ. ‘ಸ್ಕ್ಯಾನಿಗೆ ಹುಳ ಹಿಡಿಯುದಿಲ್ಲ, ಸರಿ’ ಎಂದು ಅವರು ಅರ್ಧಕ್ಕೆ ನಿಲ್ಲಿಸಿದರು. ಒಳಗಿನಿಂದ ಅಕ್ಕ, ಪಾತ್ರೆ ಒರೆಸುತ್ತಲೇ:

‘ಪೆಟ್ಟಿಗೆ ಹೋದ್ರೆ ಮತ್ತೆ ನಾನು ಒಲೆ ಉರಿಸುದು ಯಾಕೆ? ಗ್ಯಾಸ್ ಬಂದು ಎಷ್ಟು ವರ್ಷ ಆಯ್ತು.’

ಆಗ ನೋಡಿದೆ, ಅಡುಗೆಮನೆಯ ಕಲ್ಲುಹಾಸಿನ ಮೇಲೆ ಎರಡು ಬರ್ನರಿನ ಗ್ಯಾಸ್ ಒಲೆ. ಬೆಳಗ್ಗಿನ ಚಹಾ ಅದರಲ್ಲೇ ಆಗಿತ್ತು. ಪತ್ರೊಡೆಯೂ. ಸೌದೆ ಒಲೆಯಲ್ಲಿ ಬರೀ ಬಿಸಿನೀರು, ಸಂಜೆ ಒಂದು ಹೊತ್ತು, ಅದೂ ಮಳೆಗಾಲದಲ್ಲಿ ಒದ್ದೆ ಸೌದೆ ಊದಿ ಊದಿ. ಚಳವಳಿಯ ಒಂದು ಸಭೆಗೂ ಅಕ್ಕ ಹೋದವರಲ್ಲ ಎಂದು ಮಧ್ಯಾಹ್ನ ಅವರೇ ಹೇಳಿದ್ದರು. ಅವರು ಹೇಳಿದ್ದು ಪೆಟ್ಟಿಗೆ ಹೋಗಲಿ ಎಂದೋ, ಹೋಗಬಾರದು ಎಂದೋ? ಅವರ ದನಿಯಲ್ಲಿ ಎರಡೂ ಇತ್ತು, ಅಥವಾ ಎರಡೂ ಇರಲಿಲ್ಲ. ಮಾಸ್ಟ್ರು ಮುಖ ತಿರುಗಿಸಿ ಮಳೆ ನೋಡತೊಡಗಿದರು. ಬೆಳಿಗ್ಗೆ ನಾನು ‘ಇನ್ನೊಮ್ಮೆ ಬರುತ್ತೇನೆ, ಆಗ ನೋಡೋಣ’ ಎಂದೆ. ನಮ್ಮ ಮೈಸೂರಿನವರಿಗೆ ಇಲ್ಲ ಎನ್ನಲು ಇದಕ್ಕಿಂತ ಮೆತ್ತಗಿನ ಮಾತಿಲ್ಲ, ಮತ್ತು ಅದು ಅವರಿಗೂ ಗೊತ್ತು. ‘ಇದು ಎರಡು ಪ್ರತಿ ಉಂಟು, ಒಂದು ನಿಮಗೆ’ ಎಂದು ಪಿನ್ನು ಹಾಕಿದ ಒಂದು ಸಭೆಯ ಕರೆಯನ್ನು ಬೇಲಿನ್ ಪುಸ್ತಕದೊಳಗೆ ಇಟ್ಟುಕೊಟ್ಟರು.

ಮಂಜೇಶ್ವರದಲ್ಲಿ ಇಳಿದು ಗೋವಿಂದ ಪೈಗಳ ಮನೆ ನೋಡಿದೆ. ಈಗ ಅದು ‘ಗಿಳಿವಿಂಡು’, ಅವರ ಕವನ ಸಂಕಲನದ ಹೆಸರು ಹೊತ್ತ ಸ್ಮಾರಕ. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಬಿರುದು, 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರ ನಂತರ ತಾವಿದ್ದಲ್ಲೇ ಇದ್ದು ಬೇರೆ ರಾಜ್ಯದವರಾದರು, 1963ರಲ್ಲಿ ತೀರಿಕೊಂಡರು. ಈ ಕಡಲ ಮೂಲೆಯಲ್ಲಿ ಕೂತು ಹಲವು ಭಾಷೆಗಳ ಪುಸ್ತಕ ತರಿಸಿ ಓದಿದ ಮನುಷ್ಯ. ಅವರ ಪುಸ್ತಕಗಳು ಆಮೇಲೆ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಹೋದವು, ಅಲ್ಲಿ ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರವಿದೆ. ಹಿಂದೊಮ್ಮೆ ನಾನೂ ಅಲ್ಲಿ ಕೂತು ಓದಿದ್ದೇನೆ, ಉಪಯೋಗವಾಗಿದೆ. ಒಳ್ಳೆಯದೇ ಆಯಿತು ಎನ್ನಲು ನನಗೆ ಯಾವ ಅಡ್ಡಿಯೂ ಇಲ್ಲ. ಆದರೆ ಆ ಮಳೆಯ ಬೆಳಿಗ್ಗೆ ತೊಳೆದಿಟ್ಟ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಆ ಪುಸ್ತಕಗಳು ಇಲ್ಲೇ ಇದ್ದಿದ್ದರೆ ಎಲ್ಲೆಲ್ಲಿ ಇಡುತ್ತಿದ್ದರು ಎಂದು ಗೋಡೆಗಳನ್ನು ಅಳೆಯುತ್ತಿದ್ದೆ. ಕಾವಲಿನವರು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು, ಕನ್ನಡದಲ್ಲಿ.

ವಾಪಸು ಹಗಲು ಬಸ್ಸು. ಸುಳ್ಯದಲ್ಲಿ ಚಹಾಕ್ಕೆ ನಿಂತಾಗ ಸೇತುವೆಯ ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಯಾವ ಹೊಳೆ ಎಂದು ಕೇಳಿದೆ. ಪಯಸ್ವಿನಿ ಎಂದರು. ಇದೇ ಕೆಳಗೆ ಹೋಗಿ ಚಂದ್ರಗಿರಿಯಾಗುವುದು. ಮಹಾಜನ್ ಹಿಡಿದ ಗೆರೆ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆಯಲ್ಲಿ ನಮ್ಮ ಮೈಸೂರು ಬಸ್ಸಿನ ಪಕ್ಕಪಕ್ಕದಲ್ಲೇ ಇಳಿಯುತ್ತದೆ. ಹೋಗುವಾಗ ನಾನು ಅದರ ಬದಿಯಲ್ಲೇ ಮಲಗಿದ್ದೆ. ಘಾಟಿಯುದ್ದಕ್ಕೂ ಮರಗಳ ಸಂದಿಯಲ್ಲಿ ಅದನ್ನು ನೋಡುತ್ತ ಬಂದೆ, ಮಂಜು ಮುಚ್ಚುವವರೆಗೆ.

ಈಗ ಮೇಜಿನ ಮೇಲೆ ಆ ಕಾಗದ ಬಿಡಿಸಿಟ್ಟಿದ್ದೇನೆ. ಸಂಜೆ ಐದು ಗಂಟೆಗೆ ಎಲ್ಲರೂ ಬರಬೇಕು ಎನ್ನುತ್ತದೆ. ವರ್ಷವಿಲ್ಲ. ಇದು ಎರಡನೆಯ ಪ್ರತಿಯಾದ್ದರಿಂದ ಮೂಲೆಯಲ್ಲಿ ಮಾಸ್ಟ್ರ ಪೆನ್ಸಿಲೂ ಇಲ್ಲ. ಕೇಳಿ ಬರೆಯಬೇಕು ಎಂದು ಅಂಚೆ ಕಾರ್ಡು ತಂದಿಟ್ಟು ನಾಲ್ಕು ದಿನವಾಯಿತು. ತುಕ್ಕು ಇನ್ನೂ ಹರ‍ಡದಿರಲಿ ಎಂದು ಪಿನ್ನು ಕೀಳಲು ಉಗುರು ಹಾಕಿದೆ. ಪಿನ್ನಿನ ಜೊತೆ ಕಾಗದವೂ ಏಳತೊಡಗಿತು. ಬಿಟ್ಟೆ.